ಪರದೇಶಕ್ಕೆ ಹೋದ ಅತ್ತೆಯ ಮುಖ

ನಮ್ಮ ಬೀದಿಯಲ್ಲಿ ಓದದೆ ಸಹಿ ಹಾಕುವುದು ದೊಡ್ಡತನ. ಕಾಗದ ತಂದವನ ಎದುರಿಗೆ ಕನ್ನಡಕ ಹುಡುಕಿದರೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟುಕೊಂಡು ಓದಿದರೆ, ಅವನನ್ನು ಕಳ್ಳ ಅಂದ ಹಾಗೆ. ಗೊತ್ತಿದ್ದವರ ಮಗ ತಂದ ಕಾಗದವಾದರಂತೂ ಪೆನ್ನು ಎಲ್ಲಿ ಅಂತ ಮಾತ್ರ ಕೇಳಬೇಕು. ಈ ದೊಡ್ಡತನದ ಫಲವನ್ನು ವರ್ಷಗಟ್ಟಲೆ ಉಂಡ ಮನೆ ನಮ್ಮದು. ಈಗಲೂ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ. ತಣ್ಣಗೆ ಕೂತು ಬರೆಯಬೇಕು ಅಂತ ಎಷ್ಟೋ ಸಲ ನೋಡಿದೆ, ಆಗಲಿಲ್ಲ. ಬಿಸಿಯಾಗಿಯೇ ಬರೆಯುತ್ತೇನೆ.

ನಾನು ಅರಕಲಗೂಡಿನವಳು. ಹಾಸನದಲ್ಲಿ ಬಿ.ಕಾಂ. ಮುಗಿಸಿ ಅಲ್ಲೇ ಒಬ್ಬ ಆಡಿಟರರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ತೊಂಬತ್ತರ ದಶಕದ ಮೊದಲಲ್ಲಿ ಮದುವೆ ಮಾಡಿ ಹೊಳೆನರಸೀಪುರಕ್ಕೆ ಕಳಿಸಿದರು. ನದಿಗೆ ಹತ್ತಿರದ ಬೀದಿ, ದೇವಸ್ಥಾನದ ಗಂಟೆ ಅಡುಗೆಮನೆಗೆ ಕೇಳಿಸುವಷ್ಟು ಸಮೀಪ. ನನ್ನ ಗಂಡ ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಬೆಳಿಗ್ಗೆ ಬಸ್ಸಿಗೆ ಹೋದರೆ ಬರುವುದು ಸಂಜೆಗೆ. ಬಾಯಿ ತೆರೆಯುವ ಕೆಲಸವೆಲ್ಲ ಸ್ಕೂಲಿನಲ್ಲೇ ಮುಗಿಸಿ ಬರುತ್ತಿದ್ದರೇನೋ, ಮನೆಯಲ್ಲಿ ಮಾತೇ ಇಲ್ಲ. ಮಾವ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಸರ್ವಿಸ್ಸಿನಲ್ಲಿದ್ದಷ್ಟು ದಿನ ಬೇರೆಯವರ ಅರ್ಜಿಯಲ್ಲಿ ಒಂದು ಚುಕ್ಕಿ ತಪ್ಪಿದ್ದರೂ ವಾಪಸ್ ಕಳಿಸಿದ ಮಹಾನುಭಾವರು. ತಮ್ಮ ಮನೆಯ ಕಾಗದಕ್ಕೆ ಮಾತ್ರ ಅವರಿಗೆ ಕಣ್ಣೇ ಇರಲಿಲ್ಲ.

ಮನೆಯಲ್ಲಿ ದುಡಿಯುವವರು ಅಂದರೆ ಅತ್ತೆ. ಅವರ ಬಾಳಕದ ಮೆಣಸಿನಕಾಯಿ ಅಂದರೆ ಊರಿಗೆಲ್ಲ ಪ್ರಾಣ. ಹಸಿಮೆಣಸಿನಕಾಯಿ ಸೀಳಿ, ಉಪ್ಪು ಹಾಕಿದ ಹುಳಿಮೊಸರಿನಲ್ಲಿ ನೆನೆಸಿ, ಹಗಲೆಲ್ಲ ತಾರಸಿಯ ಮೇಲೆ ಒಣಗಿಸಿ, ಸಂಜೆ ಮತ್ತೆ ಅದೇ ಮೊಸರಿಗೆ ಹಾಕಿ, ಹೀಗೆ ಮೊಸರೆಲ್ಲ ಮೆಣಸಿನಕಾಯಿಯ ಹೊಟ್ಟೆ ಸೇರುವವರೆಗೆ ಬಿಡುತ್ತಿರಲಿಲ್ಲ. ಬಿಸಿಲಿನಲ್ಲಿ ಕೋಲು ಹಿಡಿದು ಕಾಗೆ ಓಡಿಸುತ್ತಾ ಕೂತಿರುತ್ತಿದ್ದರು. ನಾನು ಬಂದ ಮೇಲೆ ಅದನ್ನು ಪ್ಯಾಕೆಟ್ಟು ಮಾಡಿ ಹಾಸನದ ಒಂದೆರಡು ಅಂಗಡಿಗೆ ಹಾಕಲು ಶುರು ಮಾಡಿದೆವು. ಲೆಕ್ಕ, ಲೈಸೆನ್ಸು, ಅಂಗಡಿಯವರ ಜೊತೆ ಜಗಳ ನನ್ನ ಪಾಲಿಗೆ. ಬಾಳಕದ ಜೊತೆಗೆ ಆಮೇಲೆ ಅರಳುಸಂಡಿಗೆ, ಸಾರಿನಪುಡಿಯೂ ಸೇರಿತು.

ಪ್ಯಾಕೆಟ್ಟಿನ ಮೇಲೆ ಏನು ಹಾಕುವುದು ಅಂತ ಮಾತು ಬಂದಾಗ, ಅತ್ತೆಯ ಮುಖವನ್ನೇ ಹಾಕೋಣ ಅಂದವರು ಮಾವ. ಮಾವನ ಷಷ್ಟ್ಯಬ್ದಿಗೆ ಹಾಸನದ ಸ್ಟುಡಿಯೋದವನು ತೆಗೆದ ಅತ್ತೆಯ ಫೋಟೋ ಒಂದಿತ್ತು. ತುಂಬಿದ ಮುಖ, ಮೂಗಿನ ಎರಡೂ ಕಡೆ ಬೊಟ್ಟು, ಹಣೆಯಲ್ಲಿ ಕಾಸಿನಗಲ ಕುಂಕುಮ. ನೋಡಿದವರು ಕೈಮುಗಿಯಬೇಕು ಹಾಗಿತ್ತು. ಅತ್ತೆಗೆ ನಾಚಿಕೆಯೋ ನಾಚಿಕೆ. "ಥೂ, ಪೇಟೆಲೆಲ್ಲ ನನ್ನ ಮುಖ ನೇತಾಕ್ತೀರೇನೇ?" ಅಂತ ಬೈದರು. ಪ್ಯಾಕೆಟ್ಟುಗಳನ್ನು ಜೋಡಿಸುವಾಗ ತಮ್ಮ ಮುಖ ಕೆಳಗೆ ಮಾಡಿ ಜೋಡಿಸುತ್ತಿದ್ದರು. ನಾನು ಮತ್ತೆ ಮೇಲೆ ಮಾಡಿಡುತ್ತಿದ್ದೆ. ಅವರು ನನ್ನ ಕಣ್ಣು ತಪ್ಪಿಸಿ ಮತ್ತೆ ಕೆಳಗೆ ಮಾಡುತ್ತಿದ್ದರು.

ಹೀಗೇ ನಡೆದುಕೊಂಡು ಹೋಗಿದ್ದರೆ ನನಗೆ ಈ ಸಿಟ್ಟು ಇರುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಅವನು ಬಂದ. ನಮ್ಮ ಬೀದಿಯ ಹುಡುಗನೇ, ಕೊನೆಯ ಮನೆಯವನು. ಗಲ್ಫಿಗೆ ಲೆಕ್ಕ ಬರೆಯುವ ಕೆಲಸಕ್ಕೆ ಹೋಗಿ, ಅಲ್ಲಿಯವನೊಬ್ಬನ ಜೊತೆ ಪಾಲು ಮಾಡಿಕೊಂಡು ಕಂಪನಿ ತೆಗೆದಿದ್ದ. ನಮ್ಮ ಕಡೆಯ ದಿನಸಿ ತರಿಸಿ ಅಲ್ಲಿನ ಅಂಗಡಿಗಳಿಗೆ ಹಾಕುವ ವ್ಯಾಪಾರ. ಬಂದವನೇ ಅತ್ತೆಯ ಕಾಲಿಗೆ ಬಿದ್ದ. "ದೊಡ್ಡಮ್ಮ, ನಿಮ್ಮ ಕೈ ಬಾಳಕ ತಿಂದು ಬೆಳೆದೋನು ನಾನು. ಅಲ್ಲಿ ನಮ್ಮೋರು ಎಷ್ಟು ಜನ ಇದಾರೆ ಗೊತ್ತಾ? ಮೊಸರನ್ನಕ್ಕೆ ನಂಚ್ಕೊಳ್ಳೋಕೆ ಏನೂ ಇಲ್ದೆ ಒದ್ದಾಡ್ತಾರೆ. ನನಗೆ ಕೊಡಿ, ಆ ದೇಶಕ್ಕೆಲ್ಲ ಹಾಕ್ತೀನಿ," ಅಂದ.

ಅತ್ತೆ ಕರಗಿ ನೀರಾದರು. ಒಳಗಿನಿಂದ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ಬಂದು, ದೇವರ ಮನೆಯ ಬಾಗಿಲಲ್ಲಿ ನಿಲ್ಲಿಸಿ ಅವನಿಗೆ ತಾಂಬೂಲ ಕೊಟ್ಟರು. ಅವನು ಶಲ್ಯ ಒಡ್ಡಿ ತೆಗೆದುಕೊಂಡ. ಮದುವೆ ಮಾತು ಗಟ್ಟಿ ಮಾಡಿಕೊಳ್ಳುವ ಹಾಗೆ ಆ ವ್ಯಾಪಾರ ಗಟ್ಟಿಯಾಯಿತು. ನಾನು ಕಂಬಕ್ಕೆ ಒರಗಿ ನಿಂತು, "ಯಾವ ದರಕ್ಕೆ, ಎಷ್ಟು ವರ್ಷಕ್ಕೆ, ಮಾಲು ಕೆಟ್ಟರೆ ಯಾರ ಜವಾಬ್ದಾರಿ?" ಅಂತ ಕೇಳಿದೆ. ಮಾವ ನನ್ನ ಕಡೆ ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಶುಭ ಮುಹೂರ್ತದಲ್ಲಿ ಸೀನಿದವಳನ್ನು ನೋಡುವ ಹಾಗೆ ನೋಡಿದರು. ಗಂಡ ಪೇಪರು ಮಡಿಸಿ ಮತ್ತೆ ಬಿಡಿಸಿದರು.

ಅವನು ವಾಪಸ್ ಹೋದ ಸ್ವಲ್ಪ ದಿನಕ್ಕೆ ಕೊರಿಯರಿನಲ್ಲಿ ಒಂದು ಕಾಗದ ಬಂತು. ಇಂಗ್ಲಿಷಿನಲ್ಲಿತ್ತು, ಅಚ್ಚುಕಟ್ಟಾಗಿ ಟೈಪಾಗಿತ್ತು. ಜೊತೆಗೆ ಫೋನು: "ದೊಡ್ಡಪ್ಪ, ಕಸ್ಟಮ್ಸಿನೋರಿಗೆ ಬೇಕಂತೆ, ಸುಮ್ನೆ ಫಾರ್ಮ್ಯಾಲಿಟಿ. ಹಾಸನದಲ್ಲಿ ನೋಟರಿ ಹತ್ರ ಒಂದು ಸೀಲು ಹಾಕ್ಸಿ ಕಳಿಸ್ಬಿಡಿ." ಮಾವ ಪೆನ್ನು ತೆಗೆದರು. ನಾನು ಅವರ ಕೈಯಿಂದ ಕಾಗದ ತೆಗೆದುಕೊಂಡು ಓದಲು ಹೋದೆ. ಮೊದಲ ಪ್ಯಾರಾದಲ್ಲೇ ಸೋಲ್ ಏಜೆಂಟ್ ಅಂತ ಇತ್ತು. ಅಂದರೆ ಆ ದೇಶದಲ್ಲಿ ಅವನೊಬ್ಬನೇ.

"ಮಾವ, ಇದರಲ್ಲಿ ಅವನೊಬ್ಬನೇ ಏಜೆಂಟು ಅಂತಿದೆ."

"ಇನ್ನೆಷ್ಟು ಜನ ಏಜೆಂಟರು ಬೇಕಮ್ಮ ನಿನಗೆ?"

"ಪೂರ್ತಿ ಓದೋಣ ಮಾವ. ನಮ್ಮ ಆಡಿಟರಿಗೆ ಒಂದು ಸಲ ತೋರಿಸ್ತೀನಿ."

"ತಾಂಬೂಲ ಕೊಟ್ಟಾಗಿದೆ. ಈಗ ಕಾಗದ ಓದ್ತಾ ಕೂತ್ರೆ ಅವನನ್ನ ನಂಬ್ಲಿಲ್ಲ ಅಂತಾಗತ್ತೆ."

"ಅವನು ಇಲ್ಲೆಲ್ಲಿದಾನೆ? ನಾವು ಓದಿದ್ದು ಅವನಿಗೆ ಹೇಗೆ ಗೊತ್ತಾಗತ್ತೆ?"

"ನನಗೆ ಗೊತ್ತಾಗತ್ತಲ್ಲ," ಅಂದರು ಮಾವ.

ಅಷ್ಟು ಹೇಳಿ, ಕಾಗದದ ಕಡೆ ಕಣ್ಣು ಹಾಯಿಸದೆ, ಬೇಕೆಂದೇ ಮುಖವನ್ನು ದೇವರ ಮನೆಯ ಕಡೆ ತಿರುಗಿಸಿಕೊಂಡು ಸಹಿ ಮಾಡಿದರು. ಸಹಿ ಸ್ವಲ್ಪ ಓರೆಯಾಗಿ ಬಂತು. ನಾನು ಗಂಡನ ಕಡೆ ನೋಡಿದೆ. "ಅಪ್ಪ ಹೇಳಿದ ಮೇಲೆ ಮುಗೀತಲ್ಲ," ಅಂದರು. ಲೆಕ್ಕದ ಮೇಷ್ಟ್ರು! ಮಕ್ಕಳು ಹಂತ ಬಿಟ್ಟು ಉತ್ತರ ಬರೆದರೆ ಅಂಕ ಕತ್ತರಿಸುವವರು! ಮಾರನೇ ದಿನ ಹಾಸನದಲ್ಲಿ ಸೀಲು ಬಿತ್ತು, ಕಾಗದ ಹೋಯಿತು.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು, ಅದನ್ನೂ ಹೇಳಬೇಕು. ಕೊಣನೂರು ಕಡೆಯ ರೈತನೊಬ್ಬ ನಮಗೆ ಅಂತಲೇ ಮೆಣಸಿನಗಿಡ ಹಾಕಿದ. ನಮ್ಮ ತಾರಸಿ ಸಾಲದೆ ಪಕ್ಕದ ಮೂರು ಮನೆಯ ತಾರಸಿಯ ಮೇಲೂ ಬಾಳಕ ಒಣಗಿತು. ಬೀದಿಯ ಹೆಂಗಸರು ಬಂದು ಸೀಳಿ ಕೊಡುತ್ತಿದ್ದರು. ಅತ್ತೆ ಎಲ್ಲರ ನಡುವೆ ಓಡಾಡುತ್ತಾ, ಉಪ್ಪು ನೋಡುತ್ತಾ, ಗದರುತ್ತಾ ಇರುತ್ತಿದ್ದರು. ಪ್ಯಾಕೆಟ್ಟುಗಳನ್ನು ಮಗುಚಿಡುವುದನ್ನೂ ಆಗ ನಿಲ್ಲಿಸಿದರು. ಒಂದು ಸಲ ಯಾರೂ ಇಲ್ಲ ಅಂದುಕೊಂಡು ಒಂದು ಪ್ಯಾಕೆಟ್ಟನ್ನು ದೂರ ಹಿಡಿದು ನೋಡಿಕೊಳ್ಳುತ್ತಿದ್ದರು. "ಫೋಟೋದೋನು ಚೆನ್ನಾಗೇ ತೆಗ್ದಿದಾನೆ ಅಲ್ವೇನೇ?" ಅಂದರು ನನ್ನನ್ನು ನೋಡಿ. ಆಮೇಲೆ ವರ್ಷದಿಂದ ವರ್ಷಕ್ಕೆ ಅವನ ಆರ್ಡರು ಕಡಿಮೆಯಾಗುತ್ತಾ ಬಂತು. ಕೇಳಿದರೆ, ಮಾರ್ಕೆಟ್ಟು ಡಲ್ಲು ಅನ್ನುತ್ತಿದ್ದ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ತವರಿಗೆ ಹೋಗಿದ್ದೆ. ಅರಕಲಗೂಡಿನಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಆ ದೇಶದ ಆಸ್ಪತ್ರೆಯಲ್ಲಿ ನರ್ಸು. ರಜೆಗೆ ಬಂದಿದ್ದಳು. ನಗುತ್ತಾ ಬಂದು ಒಂದು ಪ್ಯಾಕೆಟ್ಟು ನನ್ನ ತೊಡೆಯ ಮೇಲೆ ಹಾಕಿದಳು.

"ಅಕ್ಕಾ, ನಿಮ್ಮತ್ತೆ ಸಿಗಡಿ ಚಟ್ನಿಪುಡಿ ಯಾವಾಗಿಂದ ಮಾಡೋಕೆ ಶುರು ಮಾಡಿದ್ರು?"

ನೋಡಿದೆ. ಅತ್ತೆಯ ಮುಖ. ಅದೇ ಮೂಗುಬೊಟ್ಟು, ಅದೇ ಕುಂಕುಮ. ಕೆಳಗೆ ಒಣಸಿಗಡಿಯ ಚಟ್ನಿಪುಡಿ. ಸಿಗಡಿ ತಿನ್ನುವವರ ಮೇಲೆ ನನಗೇನೂ ಇಲ್ಲ, ಸುಖವಾಗಿ ತಿನ್ನಲಿ. ಆದರೆ ಈರುಳ್ಳಿ ಹೆಚ್ಚಿದ ಚಾಕುವನ್ನೂ ಬೇರೆ ಇಡುವ ಹೆಂಗಸು ಇವರು. ಇದನ್ನು ನನ್ನ ಕೈಯಾರೆ ಮಾಡಿದೆ ಅಂತ ಆ ಮುಖ ಊರಿಗೆಲ್ಲ ಸುಳ್ಳು ಹೇಳುತ್ತಿತ್ತಲ್ಲ! ಇನ್ನೂ ಏನೇನಿದೆ ಅಂತ ಕೇಳಿದೆ. ಬೆಳ್ಳುಳ್ಳಿ ಉಪ್ಪಿನಕಾಯಿ ಇದೆಯಂತೆ. ಬಾಳಕವೂ ಇದೆಯಂತೆ, ಆದರೆ ಹುಳಿಯೇ ಇಲ್ಲವಂತೆ. ಅಂದರೆ ಬಾಳಕವನ್ನೂ ಬೇರೆ ಎಲ್ಲಿಂದಲೋ ತರಿಸಿ ಇವರ ಮುಖ ಅಂಟಿಸುತ್ತಿದ್ದ. ಬಸ್ಸಿನಲ್ಲಿ ವಾಪಸ್ ಬರುವಾಗ ಆ ಪ್ಯಾಕೆಟ್ಟನ್ನು ಹಿಂಡಿ ಹಿಂಡಿ ಪುಡಿಯೆಲ್ಲ ಬ್ಯಾಗಿನಲ್ಲಿ ಚೆಲ್ಲಿತ್ತು.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ನೇರ ಬಚ್ಚಲಿಗೆ ಹೋಗಿ, ಹೊತ್ತಲ್ಲದ ಹೊತ್ತಿನಲ್ಲಿ ತಲೆಗೆ ನೀರು ಹಾಕಿಕೊಂಡು ಬಂದರು. ಮಾವ ಫೋನು ಮಾಡಿದರು. ಅವನು ಮುಚ್ಚುಮರೆ ಮಾಡಲಿಲ್ಲ, ಅದೇ ಇನ್ನೂ ಉರಿ. "ದೊಡ್ಡಪ್ಪ, ಇಲ್ಲಿ ದೊಡ್ಡಮ್ಮನ ಮುಖ ಚೆನ್ನಾಗಿ ಓಡ್ತಿದೆ. ಅದಕ್ಕೇ ಎಲ್ಲದಕ್ಕೂ ಹಾಕ್ಸಿದೀನಿ. ಅದು ನಮ್ಮ ಕಂಪನಿ ಹೆಸರಲ್ಲಿ ರಿಜಿಸ್ಟರ್ ಆಗಿದೆ, ನೀವೇನೂ ಯೋಚ್ನೆ ಮಾಡ್ಬೇಡಿ," ಅಂದ. ಯೋಚನೆ ಮಾಡಬೇಡಿ! ಮಾವ ಫೋನಿಟ್ಟು, "ಬರ್ಲಿ ಅವನು. ಎದುರಿಗೆ ಕೂರಿಸ್ಕೊಂಡು ಕೇಳ್ತೀನಿ," ಅಂದರು. ಅವನು ಮಾವ ಇರುವವರೆಗೆ ನಮ್ಮ ಹೊಸ್ತಿಲು ತುಳಿಯಲಿಲ್ಲ.

ನಾನು ಸುಮ್ಮನೆ ಕೂರುವವಳಲ್ಲ. ಆ ನರ್ಸಿನ ಮೂಲಕ ಅಲ್ಲಿಯ ಇನ್ನೊಬ್ಬ ಅಂಗಡಿಯವನನ್ನು ಹಿಡಿದೆ. ನಿಜವಾದ ಬಾಳಕ ಬೇಕು ಅಂತ ಅವನೇ ಹಪಹಪಿಸುತ್ತಿದ್ದ. ಅತ್ತೆ ಮತ್ತೆ ತಾರಸಿ ಹತ್ತಿದರು. ಒಳ್ಳೆಯ ಮಾಲು ಮಾಡಿ, ನಮ್ಮದೇ ಪ್ಯಾಕೆಟ್ಟಿನಲ್ಲಿ ತುಂಬಿ ಹಡಗಿಗೆ ಹಾಕಿಸಿದೆವು. ಆ ಕಡೆಯ ಬಂದರಿನಲ್ಲಿ ತಡೆದರು. ಯಾಕೆ? ಆ ದೇಶದಲ್ಲಿ ಈ ಮಾಲಿಗೆ ರಿಜಿಸ್ಟರಾದ ಏಜೆಂಟ್ ಒಬ್ಬನಿದ್ದಾನೆ, ಅವನನ್ನು ಬಿಟ್ಟು ಇನ್ನೊಬ್ಬ ತರಿಸುವ ಹಾಗಿಲ್ಲ. ಅದಾದರೂ ಹೋಗಲಿ. ಪ್ಯಾಕೆಟ್ಟಿನ ಮೇಲಿರುವ ಮುಖ ಅವನ ಟ್ರೇಡ್ ಮಾರ್ಕು, ಆದ್ದರಿಂದ ನಮ್ಮದು ನಕಲಿ ಮಾಲು ಅಂತ ಅವನೇ ದೂರು ಕೊಟ್ಟಿದ್ದ. ಅಷ್ಟನ್ನೂ ನಾಶ ಮಾಡಿಸಿದರು.

ಇನ್ನೊಂದು ಸಲ ಹೇಳುತ್ತೇನೆ, ನನಗೇ ಇನ್ನೂ ನಂಬಿಕೆ ಬಂದಿಲ್ಲ. ಅತ್ತೆ ತಮ್ಮ ಕೈಯಲ್ಲಿ ಮಾಡಿದ ಬಾಳಕಕ್ಕೆ ಅತ್ತೆಯ ಮುಖ ಹಾಕಿದ್ದು ನಕಲಿ. ಬೇರೆ ಯಾರೋ ಮಾಡಿದ ಸಿಗಡಿ ಪುಡಿಗೆ ಅದೇ ಮುಖ ಹಾಕಿದ್ದು ಅಸಲಿ.

ಮೆಣಸಿನಕಾಯಿ ಇನ್ನು ಬೇಡ ಅಂತ ಕೊಣನೂರಿನ ರೈತನಿಗೆ ನಾನೇ ಹೇಳಬೇಕಾಯಿತು. ಮೂಟೆ ಇಳಿಸಿ ಜಗಲಿಯ ಮೇಲೆ ಕೂತಿದ್ದ. ಎಲ್ಲ ಕೇಳಿಕೊಂಡು ತಲೆ ಕೆರೆದುಕೊಂಡ.

"ಅಲ್ಲಾ ಕಣವ್ವಾ, ನಮ್ ಸಂತೇಲಿ ಒಬ್ಬ ದಲ್ಲಾಳಿ ಸರಿಗಿಲ್ಲ ಅಂದ್ರೆ ಮೂಟೆ ಎತ್ಕಂಡು ಇನ್ನೊಬ್ಬನ ತಾವ ಓಯ್ತೀನಿ. ಯಾವನ್ ತಡೀತಾನೆ? ಅದ್ಯಾವ ಸೀಮೆ ಕಾನೂನವ್ವ ಅದು?"

"ಆ ಸೀಮೆ ಕಾನೂನು ಹಂಗೇ ಅಂತೆ."

"ಅಂಗಾರೆ ನಮ್ಮವ್ವನ್ ಮಕ ನಮ್ಮವ್ವಂದಲ್ವಾ? ಇನ್ ಯಾರ್ದು?" ಅಂದ. ಒಳಗೆ ಅತ್ತೆ ಅಕ್ಕಿ ಆರಿಸುತ್ತಿದ್ದರು. ಮೊರದ ಸದ್ದು ನಿಂತಿತು.

ಹಾಸನದ ವಕೀಲರ ಹತ್ತಿರ ಹೋದೆ. ಹಳೆಯ ಆಡಿಟರೇ ಗುರುತು ಮಾಡಿಸಿಕೊಟ್ಟರು. ಮಾವ ಸಹಿ ಹಾಕಿದ ಕಾಗದದ ನಕಲನ್ನು ನೋಟರಿಯಿಂದ ತರಿಸಿಕೊಂಡು ಅವರು ಕೊನೆಯವರೆಗೆ ಓದಿದರು. ನಮ್ಮ ಮನೆಯ ಪಾಲಿಗೆ ಅದನ್ನು ಪೂರ್ತಿ ಓದಿದ ಮೊದಲ ಮನುಷ್ಯ. "ನೋಡಿಮ್ಮಾ," ಅಂದರು, "ಏಜೆನ್ಸಿ ರಿಜಿಸ್ಟರ್ ಆದ ಮೇಲೆ ಅಲ್ಲಿ ಅವನಾಗೇ ಒಪ್ಪದೆ ಬಿಡಿಸೋದು ಬಹಳ ಕಷ್ಟ. ವ್ಯಾಜ್ಯ ಬಂದ್ರೆ ಅಲ್ಲಿನ ಕೋರ್ಟು, ಅಲ್ಲಿನ ಭಾಷೆ ಅಂತ ಇದ್ರಲ್ಲೇ ಒಪ್ಕೊಂಡಿದೀರಿ. ನೀವು ಹಾಸನದಲ್ಲಿ ಕೇಸು ಹಾಕಿ ಗೆದ್ರಿ ಅಂತಿಟ್ಕೊಳ್ಳಿ, ಆ ಡಿಕ್ರೀನ ಅಲ್ಲಿ ಯಾರೂ ಮೂಸಿ ನೋಡಲ್ಲ. ಟ್ರೇಡ್ ಮಾರ್ಕು ಒಂದೊಂದು ದೇಶಕ್ಕೂ ಬೇರೆ ಬೇರೆ ರಿಜಿಸ್ಟರ್ ಮಾಡಿಸ್ಬೇಕು. ನೀವು ಇಲ್ಲೂ ಮಾಡ್ಸಿಲ್ಲ, ಅಲ್ಲೂ ಮಾಡ್ಸಿಲ್ಲ. ಅವನು ಮಾಡ್ಸಿದ."

"ಮುಖ ಸಾರ್," ಅಂದೆ. "ಹೆಸರಲ್ಲ, ಚಿತ್ರ ಅಲ್ಲ. ಬದುಕಿರೋ ಹೆಂಗಸಿನ ಮುಖ."

ಅವರು ಕಾಗದದ ಕೊನೆಯ ಪುಟವನ್ನು ಮತ್ತೆ ತೆಗೆದರು. ಅದೊಂದು ದಾರಿ ಇದೆ ಅಂದರು. ವ್ಯಾಪಾರದ ಕಾಗದಕ್ಕೆ ಸಹಿ ಹಾಕಿದ್ದು ಮಾವ, ಮುಖದ ಯಜಮಾನಿ ಸಹಿ ಹಾಕಿಲ್ಲ. ನನ್ನ ಒಪ್ಪಿಗೆ ಕೇಳಿಲ್ಲ ಅಂತ ಅತ್ತೆಯೇ ಅಲ್ಲಿ ದೂರು ಕೊಡಬೇಕು. ಹೋಗಲಾಗದಿದ್ದರೆ ಅಲ್ಲಿನ ವಕೀಲರಿಗೆ ಮುಕ್ತ್ಯಾರು, ಅಂದರೆ ಪವರ್ ಆಫ್ ಅಟಾರ್ನಿ, ಬರೆದುಕೊಡಬೇಕು. ಆ ಪತ್ರಕ್ಕೆ ಹಾಸನದ ನೋಟರಿಯಿಂದ ಶುರುವಾಗಿ ಬೆಂಗಳೂರು, ದೆಹಲಿ, ಆ ದೇಶದ ರಾಯಭಾರ ಕಚೇರಿ ಅಂತ ಮೆಟ್ಟಿಲು ಮೆಟ್ಟಿಲಿಗೆ ಸೀಲು ಬೀಳಬೇಕು. ಮುಖವನ್ನು ಕಳೆದುಕೊಳ್ಳಲು ಒಂದು ಓರೆ ಸಹಿ ಸಾಕಾಯಿತು, ವಾಪಸ್ ಪಡೆಯಲು ಮೂರು ಊರು ಸುತ್ತಬೇಕು. ಸುತ್ತುತ್ತೇನೆ ಅಂದೆ. ಅತ್ತೆಗೆ ಹೇಳಿದಾಗ, "ನನ್ನ ಮುಖ ನನಗೆ ತಂದ್ಕೊಡೇ. ಸತ್ತ ಮೇಲೂ ಆ ಸಿಗಡಿ ಪೊಟ್ಟಣದ ಮೇಲೆ ಕೂತಿರೋಕೆ ನನಗಾಗಲ್ಲ," ಅಂದರು.

ಪತ್ರ ಟೈಪಾಗುವ ಹೊತ್ತಿಗೆ ಮಾವ ಹೋದರು. ಎದೆನೋವು ಅಂದರು, ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತು. ಅವರ ಮೇಲಿನ ಸಿಟ್ಟನ್ನು ಏನು ಮಾಡಲಿ ಅಂತ ತಿಳಿಯದೆ ನಾನು ಅತ್ತುಬಿಟ್ಟೆ.

ಮಾವ ಹೋದ ಹತ್ತನೆಯ ದಿನ ಬೀದಿಯ ಹಿರಿಯ ಹೆಂಗಸರು ಅತ್ತೆಯನ್ನು ಕೋಣೆಗೆ ಕರೆದುಕೊಂಡು ಹೋದರು. ನಮ್ಮ ತಾರಸಿಯ ಮೇಲೆ ಕೂತು ಮೆಣಸಿನಕಾಯಿ ಸೀಳಿದವರೇ. "ಏನೂ ಬೇಡ, ಕುಂಕುಮ ಇದ್ದ ಹಾಗೇ ಇರ್ಲಿ," ಅಂತ ನಾನು ಬಾಗಿಲಿಗೆ ಅಡ್ಡ ನಿಂತೆ. "ನೀನು ಚಿಕ್ಕೋಳು, ಪಕ್ಕಕ್ಕೆ ಸರಿ," ಅಂದರು. ಗಂಡನ ಕಡೆ ನೋಡಿದೆ. ತರ್ಪಣದ ಒದ್ದೆ ಪಂಚೆಯಲ್ಲಿ ನಿಂತು ನೆಲ ನೋಡುತ್ತಿದ್ದರು. ಅತ್ತೆಯೇ ನನ್ನ ಕೈ ಸರಿಸಿ ಒಳಗೆ ಹೋದರು. ಹೊರಗೆ ಬಂದಾಗ ಹಣೆ ಬಯಲಾಗಿತ್ತು, ಮೂಗುಬೊಟ್ಟಿನ ಜಾಗದಲ್ಲಿ ಎರಡು ತೂತು. ನನಗೆ ಕ್ಷಣ ಹೊತ್ತು ಗುರುತೇ ಸಿಗಲಿಲ್ಲ.

ವರ್ಷ ಕಳೆದ ಮೇಲೆ ಮುಕ್ತ್ಯಾರು ಪತ್ರದ ಕೆಲಸವನ್ನು ಮತ್ತೆ ಎತ್ತಿಕೊಂಡೆ. ಪತ್ರಕ್ಕೆ ಈಗಿನ ಫೋಟೋ ಅಂಟಿಸಬೇಕಿತ್ತು. ಊರಿನ ಸ್ಟುಡಿಯೋದಲ್ಲಿ ತೆಗೆಸಿ ಅತ್ತೆಯನ್ನೂ ಕರೆದುಕೊಂಡು ಹಾಸನಕ್ಕೆ ಹೋದೆ. ವಕೀಲರು ಪ್ಯಾಕೆಟ್ಟಿನ ಮುಖವನ್ನೂ ಈ ಫೋಟೋವನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು.

"ಇದು ಅವರೇ ಅಂತ ಅಲ್ಲಿ ಒಪ್ಪಿಸೋದು ಸ್ವಲ್ಪ ಕಷ್ಟ ಆಗ್ಬೋದಮ್ಮ. ಹಳೇ ಥರಾನೇ ಒಂದು ಫೋಟೋ ತೆಗೆಸಕ್ಕಾಗಲ್ವಾ? ಕುಂಕುಮ ಗಿಂಕುಮ ಇಟ್ಟು. ಸುಮ್ನೆ, ಫೋಟೋಕ್ಕೆ."

"ಫೋಟೋಕ್ಕೆ ಮಾತ್ರಾನಾ?" ಅಂತ ಅತ್ತೆ ಕೇಳಿದರು.

ವಕೀಲರು ಪ್ಯಾಕೆಟ್ಟನ್ನು ಪಕ್ಕಕ್ಕೆ ಸರಿಸಿದರು. ಇರಲಿ ಬಿಡಿ, ಇದೇ ಫೋಟೋ ಇಟ್ಟುಕೊಂಡು ಪ್ರಯತ್ನ ಮಾಡೋಣ, ಸೋಮವಾರ ಬಂದು ನೋಟರಿಯ ಎದುರಿಗೆ ಸಹಿ ಹಾಕಿ ಅಂದರು. ಬಸ್ಸಿನಲ್ಲಿ ಊರು ಬರುವವರೆಗೂ ಅತ್ತೆ ಕಿಟಕಿಯ ಆಚೆ ನೋಡುತ್ತಿದ್ದರು.

ಆ ಸೋಮವಾರದ ಹಿಂದಿನ ದಿನವೇ ಅವನು ಬಂದ. ಹೆಂಡತಿಯ ಜೊತೆ, ಕೈಯಲ್ಲಿ ಆಮಂತ್ರಣ ಪತ್ರಿಕೆ ಹಿಡಿದುಕೊಂಡು. ಹಾಸನದಲ್ಲಿ ದೊಡ್ಡ ಮನೆ ಕಟ್ಟಿಸಿದ್ದನಂತೆ, ಗೃಹಪ್ರವೇಶವಂತೆ. ಎಂಥ ಧೈರ್ಯ ಅಂತೀನಿ! ಮಾವನ ಫೋಟೋಕ್ಕೆ ಕೈಮುಗಿದ, ಅತ್ತೆಯ ಕಾಲಿಗೆ ಬಿದ್ದ. ಅತ್ತೆ ಕಾಲು ಹಿಂದೆಗೆದುಕೊಂಡರು. ಅವನ ಹೆಂಡತಿ ಬೆಳ್ಳಿಯ ಭರಣಿ ತೆಗೆದು ನನ್ನ ಹಣೆಗೆ ಕುಂಕುಮ ಇಟ್ಟಳು, ಕೈಗೆ ಅಕ್ಷತೆ ಕೊಟ್ಟು ಬನ್ನಿ ಅಂದಳು. ಪಕ್ಕದಲ್ಲೇ ಅತ್ತೆ ಕೂತಿದ್ದರು. ಅವರನ್ನು ಬಿಟ್ಟು ಮುಂದೆ ಹೋಗಿ ಭರಣಿಯ ಮುಚ್ಚಳ ಹಾಕಿದಳು.

ಆಗ ನನ್ನ ಪಿತ್ತ ನೆತ್ತಿಗೇರಿತು. "ನಿಲ್ಲಮ್ಮ," ಅಂದೆ. "ಅವರಿಗ್ಯಾಕೆ ಇಡ್ಲಿಲ್ಲ?"

ಅವಳು ಗಂಡನ ಮುಖ ನೋಡಿದಳು.

"ಪೊಟ್ಟಣದ ಮೇಲೆ ಬೇಕು, ಹಣೆ ಮೇಲೆ ಬೇಡವಾ? ಈ ಹಣೆಯ ಕುಂಕುಮ ಮಾರಿಕೊಂಡೇ ತಾನೇ ಆ ಮನೆ ಕಟ್ಟಿಸಿದ್ದು? ಅದನ್ನೇ ರಿಜಿಸ್ಟರ್ ಮಾಡ್ಸಿದೀರಲ್ಲ, ಇಡಿ ಈಗ!"

ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದ್ದೆ. ಗಂಡ ಒಳಗಿನಿಂದ ಬಂದು, "ಮೆಲ್ಲಗೆ," ಅಂದರು. ಮಾವ ಸಹಿ ಹಾಕಿದ ದಿನ ಬಿಟ್ಟರೆ ಅವರು ಆ ವಿಷಯದಲ್ಲಿ ಬಾಯಿ ತೆರೆದದ್ದು ಇದೊಂದಕ್ಕೆ.

ಅವನು ಕುರ್ಚಿಯ ತುದಿಗೆ ಜರುಗಿ ಕೂತು, ದನಿ ತಗ್ಗಿಸಿ ಹೇಳಿದ. "ಅತ್ತಿಗೆ, ಕೋಪ ಮಾಡ್ಕೋಬೇಡಿ. ಆ ಫೋಟೋ ಹೇಗೂ ತೆಗೀಬೇಕು ಅಂತಾನೇ ಇದೀವಿ. ಅಲ್ಲೂ ನಮ್ಮ ಕಡೆ ಜನಾನೇ ತಾನೇ ತಗೊಳ್ಳೋದು? ದೊಡ್ಡಪ್ಪ ಹೋದ ವಿಷಯ ಒಬ್ಬರಿಂದ ಒಬ್ಬರಿಗೆ ಗೊತ್ತಾಗ್ತಿದೆ. ಹಬ್ಬ ಹರಿದಿನಕ್ಕೆ ತಗೊಂಡು ಹೋಗೋ ಸಾಮಾನು, ನೋಡಿ. ಮುಂದಿನ ಪ್ರಿಂಟಿಂಗ್‌ನಿಂದ ಬೇರೆ ಯಾರದಾದ್ರೂ ಹಾಕಿಸ್ತೀನಿ. ನೀವು ಕೇಳ್ತಿದ್ದಿದ್ದೂ ಅದೇ ಅಲ್ವಾ?"

ಅದೇ. ನಾವು ಕೇಳುತ್ತಿದ್ದದ್ದು ಅಕ್ಷರಶಃ ಅದೇ. ವಕೀಲರು, ಸೀಲು, ದೆಹಲಿ ಏನೂ ಬೇಡ, ಕೂತಲ್ಲೇ ಸಿಗುತ್ತಿತ್ತು. ಕಳ್ಳತನ ಅಂತ ಅಲ್ಲ, ಅಪಶಕುನ ಅಂತ ವಾಪಸ್ ಕೊಡುತ್ತಿದ್ದ.

"ತೆಗೀಬೇಡಪ್ಪ," ಅಂದರು ಅತ್ತೆ.

ಎಲ್ಲರೂ ತಿರುಗಿ ನೋಡಿದೆವು. ಅತ್ತೆ ಸೆರಗು ಹೊದ್ದುಕೊಂಡು ನೆಟ್ಟಗೆ ಕೂತಿದ್ದರು.

"ಸಿಗಡಿ ಹಾಕ್ಕೋ, ಬೆಳ್ಳುಳ್ಳಿ ಹಾಕ್ಕೋ, ಏನಾದ್ರೂ ಹಾಕಿ ಮಾರ್ಕೋ. ಮುಖ ಮಾತ್ರ ಹಂಗೇ ಇರ್ಲಿ."

ಅವನಿಗೆ ಅರ್ಥವಾಗಲಿಲ್ಲ. ಆದರೆ ಗಿಟ್ಟಿದ್ದನ್ನು ಬಿಡುವವನೇ? "ನಿಮ್ಮ ಆಶೀರ್ವಾದ ದೊಡ್ಡಮ್ಮ," ಅಂದ. ಕಾಫಿ ಕುಡಿಯದೆ ಎದ್ದು ಹೋದರು. ನಾನು ಕಾಫಿಗೆ ಇಟ್ಟಿರಲೂ ಇಲ್ಲ.

ಅವರು ಮೆಟ್ಟಿಲಿಳಿದ ತಕ್ಷಣ ಅತ್ತೆಯ ಮೇಲೆ ಹರಿಹಾಯ್ದೆ. ನನ್ನ ಆಯಸ್ಸಿನಲ್ಲಿ ಅವರ ಮೇಲೆ ಅಷ್ಟು ಕೂಗಾಡಿದ್ದು ಅದೊಂದೇ ಸಲ. "ಇಷ್ಟು ವರ್ಷ ನಾನು ಯಾರಿಗೋಸ್ಕರ ಕಚೇರಿ ಕಚೇರಿ ಸುತ್ತಿದೆ? ಮುಖ ತಂದ್ಕೊಡು ಅಂದ್ರಲ್ಲ! ನಾಳೆ ನೀವು ಸಹಿ ಹಾಕ್ಲೇಬೇಕು."

"ಹಾಕಲ್ಲ ಕಣೇ."

"ಯಾಕೆ ಹಾಕಲ್ಲ?"

"ಅಲ್ಲಾದ್ರೂ ಹಣೆ ತುಂಬ ಇಟ್ಕೊಂಡಿರ್ತೀನಿ."

ಅವರು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ಹಾಗಿದ್ರೆ ಇಲ್ಲೂ ಇಟ್ಕೊಳ್ಳಿ!" ಅಂತ ಕಿರುಚಿದೆ. "ತಂದ್ಕೊಡ್ಲಾ? ಯಾವ ಕಾನೂನಿನಲ್ಲಿ ಬರ್ದಿದೆ ಇಡಬಾರ್ದು ಅಂತ? ಯಾರು ಸಹಿ ಹಾಕಿದಾರೆ ಅದಕ್ಕೆ?"

ಅತ್ತೆ ಕೂತಲ್ಲಿಂದ ಎದ್ದು ನಿಂತರು.

"ಅಲ್ಲಿಯದಕ್ಕೆ ಹಾಸನ, ಬೆಂಗಳೂರು, ದೆಲ್ಲಿ ಅಂತ ಎಲ್ಲ ತಿಳ್ಕೊಂಡೆ ನೀನು. ಇಲ್ಲಿಯದಕ್ಕೆ ಎಲ್ಲಿಗೆ ಹೋಗ್ಬೇಕು? ಯಾವ ಕೋರ್ಟು ಅಂತ ಹೇಳು. ಈಗ್ಲೇ ಹೊರಡು, ನಾನೂ ಬರ್ತೀನಿ."

ಮುಕ್ತ್ಯಾರು ಪತ್ರ ಸಹಿಯಿಲ್ಲದೆ ಬೀರುವಿನಲ್ಲೇ ಉಳಿಯಿತು. ಅತ್ತೆ ಹೋಗಿ ಬಹಳ ಕಾಲವಾಯಿತು. ಆ ಪೊಟ್ಟಣ ಅಲ್ಲಿ ಇನ್ನೂ ಬರುತ್ತಿದೆ ಅಂತ ನರ್ಸು ಫೋನಿನಲ್ಲಿ ಹೇಳುತ್ತಿದ್ದಳು. ಅವರು ಕೇಳಿದ ಕೋರ್ಟಿನ ವಿಳಾಸ ಮಾತ್ರ ನನಗೆ ಇವತ್ತಿಗೂ ಸಿಕ್ಕಿಲ್ಲ.